ಒಂದು ಸೆಲ್ಲಿನ ಆಯಸ್ಸು ಎಷ್ಟು?

ಮಕ್ಕಳೇ, ಒಂದು ಸೆಲ್ ಎಷ್ಟು ಗಂಟೆ ಬಾಳುತ್ತದೆ ಎಂದು ಖಚಿತವಾಗಿ ತಿಳಿಯಬೇಕಾದರೆ ಇರುವುದು ಒಂದೇ ದಾರಿ. ಅದನ್ನು ಪೂರ್ತಿ ಖಾಲಿ ಮಾಡಿಯೇ ನೋಡಬೇಕು. ಆದರೆ ಖಾಲಿಯಾದ ಸೆಲ್ ಯಾರಿಗೆ ಬೇಕು? ಕಾರ್ಖಾನೆಯವರು ತಾವು ಮಾಡಿದ ಸೆಲ್ಲನ್ನೆಲ್ಲ ಹೀಗೆ ಪರೀಕ್ಷೆ ಮಾಡುತ್ತಾ ಕೂತರೆ ಮಾರುವುದಕ್ಕೆ ಒಂದೂ ಉಳಿಯುವುದಿಲ್ಲ. ಪರೀಕ್ಷೆಯನ್ನೇ ಮಾಡದೆ ಮಾರಿದರೆ ಕೊಳ್ಳುವವರಿಗೆ ನಂಬಿಕೆ ಬರುವುದಿಲ್ಲ. ಇಂಥ ಇಕ್ಕಟ್ಟಿನಲ್ಲಿ ಕೈಹಿಡಿಯುವುದು ಸಂಖ್ಯಾಶಾಸ್ತ್ರ. ಕೆಲವನ್ನು ಮಾತ್ರ ಅಳೆದು, ಅಳೆಯದೆ ಉಳಿದ ಲಕ್ಷಾಂತರ ಸೆಲ್ಲುಗಳ ಬಗ್ಗೆ ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಎಂದು ಅದು ತಿಳಿಸಿಕೊಡುತ್ತದೆ.

ಅನ್ನ ಬೆಂದಿದೆಯೇ ಎಂದು ನೋಡಲು ಅಜ್ಜಿ ಒಂದು ಅಗುಳು ಹಿಸುಕಿ ನೋಡುತ್ತಾರಲ್ಲ, ಅದೂ ಇದೇ ಕೆಲಸ. ಪಾತ್ರೆಯ ನೀರು ಕುದಿದು ಅಕ್ಕಿಯೆಲ್ಲ ಮೇಲೆ ಕೆಳಗೆ ಆಡಿರುತ್ತದೆ, ಹಾಗಾಗಿ ಒಂದು ಅಗುಳು ಸಾಕು. ಸೆಲ್ಲುಗಳು ಹಾಗೆ ಒಂದೇ ಪಾತ್ರೆಯಲ್ಲಿ ಬೆಂದವಲ್ಲ. ಒಂದರೊಳಗೆ ರಾಸಾಯನಿಕ ಪುಡಿ ಚೂರು ಹೆಚ್ಚು ಬಿದ್ದಿರಬಹುದು, ಇನ್ನೊಂದು ಬಿಸಿಲು ಬೀಳುವ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತಿರಬಹುದು. ಕೂತಲ್ಲೇ ಸೆಲ್ಲಿನ ಶಕ್ತಿ ನಿಧಾನವಾಗಿ ಇಳಿಯುತ್ತದೆ, ಸೆಖೆ ಇದ್ದರೆ ಇನ್ನೂ ಬೇಗ ಇಳಿಯುತ್ತದೆ. ಆದ್ದರಿಂದ ಇಲ್ಲಿ ಒಂದು ಅಗುಳು ಸಾಲದು.

ಮೈಸೂರಿನ ಮಕ್ಕಳಿಗೆ ದಸರಾ ರಜೆ ಉದ್ದವಾಗಿ ಸಿಗುತ್ತದೆ. ಆ ರಜೆಯಲ್ಲಿ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ಗೋಡೆ ಗಡಿಯಾರಕ್ಕೂ ಆಟಿಕೆಗೂ ಹಾಕುವ ಪೆನ್ಸಿಲ್ ಸೆಲ್ಲನ್ನೇ ತೆಗೆದುಕೊಳ್ಳೋಣ. ಗಡಿಯಾರದಲ್ಲಿ ಅದು ವರ್ಷಕ್ಕೂ ಹೆಚ್ಚು ಕಾಲ ಬರುತ್ತದೆ, ಏಕೆಂದರೆ ಗಡಿಯಾರ ಎಳೆಯುವ ವಿದ್ಯುತ್ತು ತೀರಾ ಕಡಿಮೆ. ಅಷ್ಟು ದಿನ ಕಾಯುವುದು ಕಷ್ಟ. ಅದಕ್ಕೆ ಸೆಲ್ಲಿನ ಎರಡು ತುದಿಗೆ 10 ಓಮ್‌ನ ಒಂದು ರೆಸಿಸ್ಟರ್ ಜೋಡಿಸಿ. 1.5 ವೋಲ್ಟಿನ ಸೆಲ್ಲಿನಿಂದ ಆಗ ಸುಮಾರು 0.15 ಆಂಪಿಯರ್ ಹರಿಯುತ್ತದೆ. ಕೆಲವೇ ದಿನಗಳಲ್ಲಿ ಫಲಿತಾಂಶ ಕೈಗೆ ಬರುತ್ತದೆ.

ದಿನಕ್ಕೆ ನಾಲ್ಕು ಗಂಟೆ ಜೋಡಿಸಿ, ಉಳಿದ ಹೊತ್ತು ಬಿಚ್ಚಿಡಿ. ಅರ್ಧ ಗಂಟೆಗೊಮ್ಮೆ ಮಲ್ಟಿಮೀಟರಿನಲ್ಲಿ ವೋಲ್ಟೇಜ್ ನೋಡಿ ಬರೆದುಕೊಳ್ಳಿ. ವೋಲ್ಟೇಜ್ 0.9ಕ್ಕೆ ಇಳಿದಾಗ ಸೆಲ್ಲಿನ ಆಯಸ್ಸು ಮುಗಿಯಿತು ಎಂದು ನಾವೇ ಒಂದು ಗೆರೆ ಹಾಕಿಕೊಳ್ಳೋಣ. ಅಳೆಯುವಾಗ ರೆಸಿಸ್ಟರ್ ಜೋಡಿಸಿಯೇ ಇರಬೇಕು. ಬಿಚ್ಚಿಟ್ಟು ಅಳೆದರೆ ಸುಸ್ತಾದ ಸೆಲ್ಲೂ ದಣಿವಾರಿಸಿಕೊಂಡು 1.3 ವೋಲ್ಟ್ ತೋರಿಸಿ, ತಾನಿನ್ನೂ ಗಟ್ಟಿಯಾಗಿದ್ದೇನೆ ಎಂದು ನಂಬಿಸಿಬಿಡುತ್ತದೆ.

ಎರಡು ಕಂಪನಿಯ ಒಂದೇ ಬಗೆಯ ಸೆಲ್ಲುಗಳನ್ನು ಹೋಲಿಸೋಣ. ಐದು ಇದು, ಐದು ಅದು. ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಳ್ಳಬೇಡಿ. ಶಿವರಾಮಪೇಟೆಯಲ್ಲಿ ಒಂದಷ್ಟು, ಕುವೆಂಪುನಗರದಲ್ಲಿ ಒಂದಷ್ಟು, ಅಜ್ಜಿಮನೆ ಒಂಟಿಕೊಪ್ಪಲಿನಲ್ಲಿದ್ದರೆ ಅಲ್ಲಿ ಒಂದಷ್ಟು ಕೊಳ್ಳಿ. ಹತ್ತನ್ನೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ ಇಡಿ. ಚಳಿಯಲ್ಲಿ ಸೆಲ್ಲಿನೊಳಗಿನ ಕ್ರಿಯೆ ನಿಧಾನವಾಗುತ್ತದೆ. ಒಂದು ಕಂಪನಿಯದನ್ನು ಏಪ್ರಿಲ್ ಮಧ್ಯಾಹ್ನವೂ ಇನ್ನೊಂದನ್ನು ಡಿಸೆಂಬರ್ ಬೆಳಗ್ಗೆಯೂ ಅಳೆದರೆ ಅದು ಮೈಸೂರಿನ ಹವೆಯ ಹೋಲಿಕೆಯಾದೀತೇ ಹೊರತು ಸೆಲ್ಲಿನದಲ್ಲ. ರೆಸಿಸ್ಟರಿನ ಮೇಲೆ ಚಿನ್ನದ ಬಣ್ಣದ ಪಟ್ಟೆ ಇದ್ದರೆ ಅದರ ಓಮ್ ಅಳತೆಯಲ್ಲಿ ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಇರಬಹುದು ಎಂದು ಅರ್ಥ. ಯಾವ ಸೆಲ್ಲಿಗೆ ಯಾವ ರೆಸಿಸ್ಟರ್ ಎಂದು ನೀವೇ ಆರಿಸದೆ ಚೀಟಿ ಎತ್ತಿ. ಆಗ ಯಾವ ಕಂಪನಿಗೂ ಪಕ್ಷಪಾತ ಆಗುವುದಿಲ್ಲ.

ಶುರು ಮಾಡುವ ಮುನ್ನ ಒಂದೇ ಸೆಲ್ಲನ್ನು ನಾಲ್ಕಾರು ಸಲ ಅಳೆದು ನೋಡಿ. ಮೀಟರಿನ ಕೊನೆಯ ಅಂಕಿ ಅತ್ತಿತ್ತ ಆಡುವುದು ಕಾಣುತ್ತದೆ. ಅದು ಅಳತೆಯ ಅಲುಗಾಟ. ಸೆಲ್ಲಿನಿಂದ ಸೆಲ್ಲಿಗೆ ಇರುವ ವ್ಯತ್ಯಾಸ ಬೇರೆ. ಮೊದಲನೆಯದು ಎಷ್ಟಿದೆ ಎಂದು ಗೊತ್ತಿದ್ದರೆ ಎರಡನೆಯದನ್ನು ಧೈರ್ಯವಾಗಿ ನಂಬಬಹುದು.

ಈಗ ಫಲಿತಾಂಶ ಬಂದಿದೆ ಎಂದು ಅಂದುಕೊಳ್ಳೋಣ. ಲೆಕ್ಕ ಕಲಿಯಲೆಂದು ನಾನೇ ಮಾಡಿಕೊಂಡ ಅಂಕಿಗಳಿವು, ಯಾವ ಕಂಪನಿಯವೂ ಅಲ್ಲ. ‘ಅ’ ಕಂಪನಿಯ ಐದು ಸೆಲ್ ಬಾಳಿದ ಗಂಟೆಗಳು 16, 19, 17, 14, 19. ‘ಆ’ ಕಂಪನಿಯವು 18, 15, 20, 17, 20. ಕೂಡಿ ಐದರಿಂದ ಭಾಗಿಸಿದರೆ ‘ಅ’ದ ಸರಾಸರಿ 17 ಗಂಟೆ, ‘ಆ’ದ ಸರಾಸರಿ 18 ಗಂಟೆ.

‘ಆ’ ಗೆದ್ದಿತು ಎನ್ನೋಣವೇ? ಸ್ವಲ್ಪ ತಾಳಿ. ಒಂದೇ ಕಂಪನಿಯ ಸೆಲ್ಲುಗಳೊಳಗೇ ಎಷ್ಟು ಅಂತರವಿದೆ ನೋಡಿ. ‘ಅ’ದಲ್ಲಿ 14ರಿಂದ 19, ‘ಆ’ದಲ್ಲಿ 15ರಿಂದ 20. ಒಳಗೊಳಗೇ ಐದು ಗಂಟೆಯ ಏರುಪೇರು ಇರುವಾಗ ಸರಾಸರಿಗಳ ನಡುವಿನ ಒಂದು ಗಂಟೆಗೆ ಎಷ್ಟು ಬೆಲೆ ಕೊಡಬೇಕು? ಚೀಟಿಗಳಿಂದಲೇ ಇದನ್ನು ಕಂಡುಕೊಳ್ಳಬಹುದು. ಹತ್ತು ಅಂಕಿಗಳನ್ನೂ ಹತ್ತು ಚೀಟಿಗಳಲ್ಲಿ ಬರೆದು, ಕಂಪನಿಯ ಹೆಸರು ಮರೆತು, ಚೆನ್ನಾಗಿ ಕಲಸಿ. ಕಣ್ಣುಮುಚ್ಚಿ ಐದು ಈ ಕಡೆ, ಐದು ಆ ಕಡೆ ಹಾಕಿ. ಎರಡೂ ಗುಂಪಿನ ಸರಾಸರಿ ತೆಗೆದು ವ್ಯತ್ಯಾಸ ಬರೆದುಕೊಳ್ಳಿ. ಮತ್ತೆ ಕಲಸಿ, ಮತ್ತೆ ಹಾಕಿ. ಹೀಗೆ ಮಾಡುತ್ತಾ ಹೋದರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ವ್ಯತ್ಯಾಸ ಒಂದು ಗಂಟೆಯೋ ಅದಕ್ಕಿಂತ ಜಾಸ್ತಿಯೋ ಬರುತ್ತದೆ! ಬರೀ ಕಲಸಾಟದಿಂದಲೇ ಇಷ್ಟು ಸುಲಭವಾಗಿ ಸಿಗುವ ವ್ಯತ್ಯಾಸವನ್ನು ಕಂಪನಿಯ ಹೆಗ್ಗಳಿಕೆ ಎನ್ನಲಾಗದು. ಈ ಐದೈದು ಸೆಲ್ಲುಗಳಿಂದ ಯಾವುದು ಮೇಲೆಂದು ಹೇಳಲು ಬರುವುದಿಲ್ಲ. ಅದೇ ಸರಿಯಾದ ಉತ್ತರ.

ಅಗ್ಗದ ಸಾದಾ ಸೆಲ್ಲನ್ನು ಆಲ್ಕಲೈನ್ ಸೆಲ್ಲಿನ ಜೊತೆ ಹೋಲಿಸಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಎರಡರಲ್ಲೂ ಸತು ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಇರುತ್ತವೆ. ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ಹಾಕಿಕೊಟ್ಟ ಜೋಡಿ ಅದು. ಆದರೆ ಆಲ್ಕಲೈನ್ ಸೆಲ್ಲಿನಲ್ಲಿ ಪೊಟಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಇರುವುದರಿಂದ, ಜೋರಾಗಿ ವಿದ್ಯುತ್ ಎಳೆಯುವ ಕೆಲಸದಲ್ಲಿ ಅದು ಸಾದಾ ಸೆಲ್ಲಿಗಿಂತ ಹಲವು ಪಟ್ಟು ಬಾಳುತ್ತದೆ. ಅಲ್ಲಿ ಒಂದು ಗುಂಪಿನ ಐದೂ ಇನ್ನೊಂದು ಗುಂಪಿನ ಐದನ್ನೂ ಮೀರಿಸಿ ನಿಲ್ಲುವುದು ಸಹಜ. ಕಲಸಾಟದಿಂದ ಹಾಗಾಗುವುದು, ಹತ್ತು ಚೀಟಿಗಳನ್ನು ಐದೈದಾಗಿ ಹಂಚುವ ಒಟ್ಟು 252 ವಿಧಗಳಲ್ಲಿ ಎರಡರಲ್ಲಿ ಮಾತ್ರ, ಅಂದರೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆಗ ವ್ಯತ್ಯಾಸ ನಿಜವೆಂದು ಧೈರ್ಯವಾಗಿ ಹೇಳಬಹುದು. ಹಾಗೆಂದು ಎಲ್ಲ ಕಡೆಯೂ ದುಬಾರಿ ಸೆಲ್ಲೇ ಬೇಕೆಂದಿಲ್ಲ. ಗೋಡೆ ಗಡಿಯಾರದಂಥ ಮೆಲ್ಲಗೆ ಎಳೆಯುವ ಯಂತ್ರಕ್ಕೆ ಸಾದಾ ಸೆಲ್ ಸಾಕು.

ಇನ್ನು ‘ಇ’ ಎಂಬ ಮೂರನೆಯ ಕಂಪನಿಯ ಅಂಕಿಗಳು 17, 18, 18, 18, 19 ಎಂದಿಟ್ಟುಕೊಳ್ಳಿ. ಇದರ ಸರಾಸರಿಯೂ 18, ‘ಆ’ದಷ್ಟೇ. ಆದರೆ ಎಷ್ಟು ಒತ್ತೊತ್ತಾಗಿವೆ! ಪ್ರತಿ ಅಂಕಿಯೂ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳ ಸರಾಸರಿ ತೆಗೆಯಿರಿ. ‘ಇ’ಗೆ ಅದು 0.4 ಗಂಟೆ. ‘ಆ’ಗೆ ದೂರಗಳು 0, 3, 2, 1, 2, ಅವುಗಳ ಸರಾಸರಿ 1.6 ಗಂಟೆ. ದೊಡ್ಡ ತರಗತಿಗೆ ಹೋದಾಗ ಇದರ ಅಣ್ಣನಂತಿರುವ ಮಾನಕ ವಿಚಲನೆಯನ್ನು ಕಲಿಯುತ್ತೀರಿ. ನನ್ನನ್ನು ಕೇಳಿದರೆ, ಸರಾಸರಿ ಮಾತ್ರ ಹೇಳಿ ಹರಡಿಕೆಯನ್ನು ಹೇಳದಿರುವುದು ಅರ್ಧ ಸತ್ಯ. ರಾತ್ರಿ ಕರೆಂಟು ಹೋದಾಗ ಕೈಯಲ್ಲಿರುವ ಟಾರ್ಚಿಗೆ ನಾನು ‘ಇ’ ಸೆಲ್ಲನ್ನೇ ಹಾಕುತ್ತೇನೆ.

ಡ್ರೈ ಸೆಲ್ಲುಗಳ ಅಂತರರಾಷ್ಟ್ರೀಯ ಮಾನಕ ಬರೆದವರಿಗೂ ಇದು ಗೊತ್ತಿತ್ತು. ಪರೀಕ್ಷೆಗೆ ತೆಗೆದುಕೊಂಡ ಸೆಲ್ಲುಗಳ ಸರಾಸರಿ ಆಯಸ್ಸು ನಿಗದಿಯಾದಷ್ಟು ಇರಬೇಕು ಎಂಬುದು ಒಂದು ನಿಯಮ. ಸರಾಸರಿ ತೆಗೆಯುವಾಗ ಯಾವ ಅಂಕಿಯನ್ನೂ ಕೈಬಿಡುವಂತಿಲ್ಲ. ಅದರ ಜೊತೆಗೆ, ಆ ನಿಗದಿಯ ನೂರಕ್ಕೆ 80ಕ್ಕಿಂತ ಕೆಳಗೆ ಒಂದಕ್ಕಿಂತ ಹೆಚ್ಚು ಸೆಲ್ ಬೀಳಬಾರದು. ಸರಾಸರಿಯ ಬೆನ್ನ ಹಿಂದೆ ದುರ್ಬಲ ಸೆಲ್ಲುಗಳು ಅಡಗಿಕೊಳ್ಳದಂತೆ ಹಾಕಿದ ಬೇಲಿ ಅದು. ಬಹಳ ಒಳ್ಳೆಯ ನಿಯಮ.

ಕಡಿಮೆ ಅಳತೆಗಳಿಂದ ಎಷ್ಟು ತಿಳಿಯಬಹುದು ಎಂಬ ಪ್ರಶ್ನೆಗೆ ತಲೆ ಕೆಡಿಸಿಕೊಂಡವರಲ್ಲಿ ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗಾಸೆಟ್ ಒಬ್ಬರು. 1908ರಲ್ಲಿ ಅವರು ತಮ್ಮ ಹೆಸರು ಹಾಕದೆ ‘ಸ್ಟೂಡೆಂಟ್’ ಎಂದು ಸಹಿ ಮಾಡಿ ಒಂದು ಪ್ರಬಂಧ ಪ್ರಕಟಿಸಿದರು.

ಇನ್ನೊಬ್ಬರು ನಮ್ಮ ನೆಲದಲ್ಲೇ ಹುಟ್ಟಿದವರು, ಸಿ.ಆರ್. ರಾವ್. ಅವರು ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಈಗ ವಿಜಯನಗರ ಜಿಲ್ಲೆಯಲ್ಲಿರುವ ಹೂವಿನಹಡಗಲಿಯಲ್ಲಿ. ಕೋಲ್ಕತ್ತದಲ್ಲಿ ಪಾಠ ಮಾಡುತ್ತಿದ್ದಾಗ, ಅಳತೆಗಳು ಬಹಳ ಇದ್ದಾಗ ಮಾತ್ರ ನಿಲ್ಲುವ ಒಂದು ಫಲಿತಾಂಶವನ್ನು ಅವರು ವಿವರಿಸಿದರು. ಅಳತೆಗಳು ಕಡಿಮೆ ಇದ್ದಾಗಲೂ ಇಂಥದ್ದನ್ನು ಸಾಧಿಸಲಾಗದೇ ಎಂದು ದಾಂಡೇಕರ್ ಎಂಬ ವಿದ್ಯಾರ್ಥಿ ಕೇಳಿದ. ರಾವ್ ಅವರು ಆ ರಾತ್ರಿ ಕೂತು ಸಾಧಿಸಿ, ಮರುದಿನ ತರಗತಿಯಲ್ಲಿ ತೋರಿಸಿದರು. 1945ರಲ್ಲಿ ಅದು ಅಚ್ಚಾಯಿತು. ಇರುವ ಅಳತೆಗಳಿಂದ ಎಷ್ಟು ನಿಖರವಾಗಿ ಅಂದಾಜು ಮಾಡಬಹುದು ಎಂಬುದಕ್ಕೆ ಒಂದು ಮಿತಿ ಇದೆ, ಯಾವ ಜಾಣನೂ ಅದನ್ನು ದಾಟಲಾರ ಎಂದು ಅದು ಹೇಳುತ್ತದೆ. ಇಂದಿಗೂ ಜಗತ್ತೆಲ್ಲ ಅದನ್ನು ಕ್ರಾಮರ್–ರಾವ್ ಮಿತಿ ಎಂದೇ ಕಲಿಯುತ್ತದೆ. 2023ರಲ್ಲಿ, 102ನೆಯ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂದಿತು. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ತರಗತಿಯಲ್ಲಿ ಪ್ರಶ್ನೆ ಕೇಳಲು ಅಂಜುವ ಮಕ್ಕಳಿಗೆ ನಾನು ದಾಂಡೇಕರ್ ಕೇಳಿದ ಆ ಪ್ರಶ್ನೆಯ ಸಂಗತಿಯನ್ನು ತಪ್ಪದೆ ಹೇಳುತ್ತೇನೆ.

ಐದು ಸೆಲ್ಲಿನ ಲೆಕ್ಕ ದೊಡ್ಡದಾದರೆ ಹೇಗಿರುತ್ತದೆ ಎಂದು ನೋಡಬೇಕಾದರೆ ಭಾನುವಾರ ಸಂಜೆ ಮೈಸೂರು ಅರಮನೆಯ ಮುಂದೆ ನಿಲ್ಲಿ. ಅಲ್ಲಿ ಬೆಳಗುವ ಬಲ್ಬುಗಳು ಸುಮಾರು 97,000. ಹಳೆಯ ಕಾಲದ ತಂತಿ ಬಲ್ಬಿನ ಸರಾಸರಿ ಆಯಸ್ಸು ಸುಮಾರು 1000 ಗಂಟೆ ಎಂದು ಲೆಕ್ಕ. ಹೊಸದೂ ಹಳೆಯದೂ ಬೆರೆತ ಅಂಥ 97,000 ಬಲ್ಬುಗಳು ಒಂದು ಗಂಟೆ ಉರಿದರೆ ಸುಮಾರು 97 ಕೆಟ್ಟುಹೋಗುತ್ತವೆ ಎಂದು ಕೂತಲ್ಲೇ ಹೇಳಬಹುದು. ಆದರೆ ಆ ಗೋಪುರದ ಮೂಲೆಯ ಬಲ್ಬು ಇವತ್ತು ಕೆಡುತ್ತದೆಯೇ ಎಂದು ಕೇಳಿದರೆ ಯಾವ ಸಂಖ್ಯಾಶಾಸ್ತ್ರಜ್ಞರೂ ಹೇಳಲಾರರು. ಸೆಲ್ಲಿನ ಪ್ಯಾಕೆಟ್ಟಿನ ಮೇಲೆ ಬರೆದಿರುವ ಆಯಸ್ಸೂ ಹಾಗೆಯೇ. ಅದು ಗುಂಪಿನ ಬಗ್ಗೆ ಆಡಿದ ಮಾತು, ನಿಮ್ಮ ಕೈಯಲ್ಲಿರುವ ಒಂದು ಸೆಲ್ಲಿನ ಜಾತಕವಲ್ಲ.

ಪ್ರಯೋಗ ಮಾಡುವಾಗ ಮನೆಯ ದೊಡ್ಡವರೊಬ್ಬರು ಜೊತೆಗಿರಲಿ. ಸೆಲ್ಲಿನ ಎರಡು ತುದಿಗಳನ್ನು ಬರಿಯ ತಂತಿಯಿಂದ ಜೋಡಿಸಬೇಡಿ, ಸೆಲ್ಲನ್ನು ಒಡೆಯಬೇಡಿ, ಬೆಂಕಿಗೆ ಹಾಕಬೇಡಿ. ಮೊಬೈಲ್ ಬ್ಯಾಟರಿ ಮತ್ತು ಯುಪಿಎಸ್ ಬ್ಯಾಟರಿಯ ತಂಟೆಗೆ ಹೋಗಲೇಬೇಡಿ. ಯಾವುದೋ ಒಂದು ಸೆಲ್ ಆರೇ ಗಂಟೆಯಲ್ಲಿ ಮುಗಿದುಹೋದರೆ ಆ ಅಂಕಿಯನ್ನು ಹೊಡೆದುಹಾಕಬೇಡಿ, ಪಕ್ಕದಲ್ಲಿ ಕೊಂಡ ಅಂಗಡಿಯನ್ನೂ ಸೆಲ್ಲಿನ ಮೇಲಿನ ತಿಂಗಳು–ವರ್ಷವನ್ನೂ ಬರೆದಿಡಿ. ಮುಗಿದ ಸೆಲ್ಲುಗಳನ್ನು ಹಸಿ ಕಸಕ್ಕೆ ಎಸೆಯದೆ ಬೇರೆ ಚೀಲದಲ್ಲಿ ಕಟ್ಟಿ, ಬೆಳಗ್ಗೆ ಕಸದ ಗಾಡಿ ಬಂದಾಗ ಪೌರಕಾರ್ಮಿಕರಿಗೆ ಇದು ಸೆಲ್ ಎಂದು ಹೇಳಿ ಕೈಯಲ್ಲೇ ಕೊಡಿ.