ಕ್ಯಾಮೆರಾ ಕೊಳ್ಳುವ ಮುನ್ನ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಫೋಟೋ ಮತ್ತು ವಿಡಿಯೋ ಎರಡಕ್ಕೂ ಆಗುವಂಥ ಒಂದು ಕ್ಯಾಮೆರಾ ಬೇಕೆಂದು ದಾನಿಯೊಬ್ಬರು ಒಂದು ಲಕ್ಷ ರೂಪಾಯಿ ಕೊಟ್ಟಿದ್ದಾರೆ. ಯಾವುದನ್ನು ಕೊಳ್ಳಬೇಕೆಂದು ವಿಚಾರಿಸಿ ಹೇಳುವ ಹೊಣೆಯನ್ನು ಕಾರ್ಯಕಾರಿ ಸಮಿತಿ ನನಗೆ ವಹಿಸಿತು. ಛಾಯಾಗ್ರಹಣ ನನ್ನ ವೃತ್ತಿಯಲ್ಲ. ಉರ್ದು ಮತ್ತು ಕನ್ನಡ ಕಲಿಸುವುದು ನನ್ನ ಕೆಲಸ. ಆದರೂ ಈ ಹೊಣೆಯನ್ನು ಒಪ್ಪಿಕೊಂಡೆ. ಅದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು. ಅದನ್ನು ಮೊದಲು ನಿಮ್ಮ ಮುಂದೆ ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ.

ಹಿಂದೊಮ್ಮೆ ನಮ್ಮ ಭಾಷಣ ಸ್ಪರ್ಧೆಯ ವಿಡಿಯೋ ತೆಗೆಯಲು ಪರಿಚಯದವರಿಂದ ಒಂದು ಹಳೆಯ ಕ್ಯಾಮೆರಾ ತಂದಿದ್ದೆ. ಸಭಾಂಗಣದ ಕೊನೆಯ ಸಾಲಿನ ಹಿಂದೆ ಅದನ್ನು ಸ್ಟ್ಯಾಂಡಿನ ಮೇಲಿಟ್ಟು, ಗುಂಡಿ ಒತ್ತಿ, ಅತಿಥಿಗಳ ಉಪಚಾರಕ್ಕೆ ಹೋದೆ. ಹಳೆಯ ಕ್ಯಾಮೆರಾಗಳಲ್ಲಿ ಅನೇಕವು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ರೆಕಾರ್ಡಿಂಗ್ ನಿಲ್ಲಿಸುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಮೊದಲ ಬಹುಮಾನ ಪಡೆದ ಹುಡುಗಿಯ ಸರದಿ ಬಂದದ್ದು ಅದಾದ ನಂತರ. ಅವಳ ತಂದೆ ದಮ್ಮಾಮಿನಲ್ಲಿ ಚಾಲಕರು. ಮಗಳ ಭಾಷಣ ಕೇಳಬೇಕೆಂದು ಆ ರಾತ್ರಿ ಎರಡು ಸಲ ಫೋನ್ ಮಾಡಿದರು. ಅವರಿಗೆ ಕಳಿಸಲು ನನ್ನಲ್ಲಿ ಏನೂ ಇರಲಿಲ್ಲ. ರೆಕಾರ್ಡ್ ಆಗಿದ್ದ ಅರ್ಧ ಗಂಟೆಯಲ್ಲಿಯೂ ಮಕ್ಕಳ ಮಾತಿಗಿಂತ ಫ್ಯಾನಿನ ಸದ್ದೇ ಹೆಚ್ಚಾಗಿತ್ತು. ಚಿತ್ರದ ತುಂಬ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಓಡುತ್ತಿದ್ದವು. ತಪ್ಪು ಕ್ಯಾಮೆರಾದ್ದಲ್ಲ, ತಿಳಿಯದೆ ಅದನ್ನು ಬಳಸಿದ ನನ್ನದು. ಆ ತಪ್ಪು ನಿಮ್ಮಿಂದ ಆಗಬಾರದೆಂದೇ ಈ ಮಾತು.

ಕ್ಯಾಮೆರಾದ ಬದಲು ಇದೇ ಹಣದಲ್ಲಿ ಬಡ ಮಕ್ಕಳ ಶುಲ್ಕ ಕಟ್ಟಬಹುದಲ್ಲವೇ ಎಂದು ಹಿರಿಯರೊಬ್ಬರು ಸಮಿತಿಯಲ್ಲಿ ಕೇಳಿದರು. ಅದು ಕೇಳಲೇಬೇಕಾದ ಪ್ರಶ್ನೆ. ಇದು ಜಕಾತ್ ಹಣವಲ್ಲ. ಜಕಾತ್ ಬಡವರ ಹಕ್ಕು, ಅದರಿಂದ ಕ್ಯಾಮೆರಾ ಕೊಳ್ಳುವ ಮಾತೇ ಇಲ್ಲ. ಇದು ದಾನಿಗಳು ಈ ಕೆಲಸಕ್ಕೆಂದೇ ಕೊಟ್ಟ ಹಣ. ಆದರೂ ಇದು ಅಮಾನತ್ತೇ. ಕ್ಯಾಮೆರಾ ವರ್ಷಕ್ಕೊಮ್ಮೆ ಹೊರಬಂದು ಉಳಿದ ದಿನ ಬೀರುವಿನಲ್ಲಿ ಮಲಗುವುದಾದರೆ ಆ ಹಿರಿಯರ ಮಾತೇ ಸರಿ. ಆದ್ದರಿಂದ ‘ಯಾವ ಕ್ಯಾಮೆರಾ’ ಎಂದು ಕೇಳುವ ಮೊದಲು ‘ಯಾವ ಕೆಲಸಕ್ಕೆ, ಯಾರ ಕೈಗೆ’ ಎಂದು ಕೇಳಬೇಕು.

ವಿದ್ಯಾರ್ಥಿಗಳೇ, ಕ್ಯಾಮೆರಾ ಎಂದರೆ ಮೂಲತಃ ಒಂದು ಕತ್ತಲೆ ಕೋಣೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಸಾವಿರ ವರ್ಷಗಳ ಹಿಂದೆ ‘ಕಿತಾಬುಲ್ ಮನಾಜಿರ್’ ಎಂಬ ಗ್ರಂಥದಲ್ಲಿ ಬೆಳಕಿನ ಪ್ರಯೋಗಗಳನ್ನು ಬರೆದರು. ಹೊರಗೆ ಹಲವು ದೀಪಗಳನ್ನು ಸಾಲಾಗಿ ಇಟ್ಟರೆ, ಒಂದೇ ಕಿಂಡಿಯ ಮೂಲಕ ಕತ್ತಲೆ ಕೋಣೆಯ ಗೋಡೆಯ ಮೇಲೆ ಅಷ್ಟೇ ಬೆಳಕಿನ ಚುಕ್ಕೆಗಳು ಮೂಡುತ್ತವೆ. ಒಂದು ದೀಪವನ್ನು ಮರೆಮಾಡಿದರೆ ಅದರ ಚುಕ್ಕೆ ಮಾತ್ರ ಮಾಯವಾಗುತ್ತದೆ. ಬೆಳಕು ನೇರವಾಗಿ ಹರಿಯುತ್ತದೆ, ಒಂದರೊಡನೊಂದು ಕಲಸಿಹೋಗುವುದಿಲ್ಲ ಎಂದು ಅವರು ಹೀಗೆ ತೋರಿಸಿದರು. ಇಂದಿನ ಕ್ಯಾಮೆರಾದಲ್ಲಿ ಕಿಂಡಿಯ ಜಾಗದಲ್ಲಿ ಲೆನ್ಸ್ ಇದೆ, ಗೋಡೆಯ ಜಾಗದಲ್ಲಿ ಸೆನ್ಸರ್ ಇದೆ.

ಹಾಗಾದರೆ ‘ಮಿರರ್‌ಲೆಸ್’ ಎಂದರೇನು? ಹಿಂದಿನ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ ಇರುತ್ತಿತ್ತು. ಅದು ಚಿತ್ರವನ್ನು ಮೇಲಿನ ಕಿಂಡಿಗೆ ಕಳಿಸುತ್ತಿತ್ತು. ಗುಂಡಿ ಒತ್ತಿದಾಗ ‘ಟಕ್’ ಎಂದು ಮೇಲಕ್ಕೇಳುತ್ತಿತ್ತು. 2008ರಲ್ಲಿ ಪ್ಯಾನಾಸೋನಿಕ್ ಲುಮಿಕ್ಸ್ ಜಿ1 ಬಂದಾಗ ಆ ಕನ್ನಡಿಯನ್ನೇ ತೆಗೆದುಹಾಕಿದರು. ಸೆನ್ಸರಿಗೆ ಬೀಳುವ ಚಿತ್ರವೇ ನೇರವಾಗಿ ಪರದೆಯ ಮೇಲೆ ಕಾಣತೊಡಗಿತು. ಕನ್ನಡಿಯ ಜಾಗ ಉಳಿದು ಕ್ಯಾಮೆರಾ ತೆಳ್ಳಗಾಯಿತು, ಹಗುರವಾಯಿತು. ಲೆನ್ಸ್ ಬದಲಿಸುವ ಅನುಕೂಲವೂ ಉಳಿಯಿತು.

ಈಗ ಆಯ್ಕೆಗೆ ಬರೋಣ. ನಮ್ಮ ಕೆಲಸಗಳು ನಾಲ್ಕು: ಭಾಷಣ ಸ್ಪರ್ಧೆ, ಮುಶಾಯಿರಾ, ಬಹುಮಾನ ವಿತರಣೆಯ ವಿಡಿಯೋ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಾಠದ ವಿಡಿಯೋ, ಈ ವಾರ್ಷಿಕ ಸಂಚಿಕೆಗೆ ಫೋಟೋಗಳು, ನಮ್ಮ ಬೀದರಿನ ಹಳೆಯ ಉರ್ದು ಪುಸ್ತಕಗಳು, ಬಿದ್ರಿ ಕೆಲಸ, ಮಹಮೂದ್ ಗಾವಾನ್ ಮದರಸಾದ ಬಣ್ಣದ ಹೆಂಚುಗಳ ದಾಖಲೆ.

ಮೊದಲನೆಯದಾಗಿ, ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗಬೇಡಿ. ಎ4 ಅಳತೆಯ ಒಂದು ಪೂರ್ತಿ ಪುಟದ ಚಿತ್ರವನ್ನು ಇಂಚಿಗೆ 300 ಚುಕ್ಕೆಯಂತೆ ಅಚ್ಚು ಮಾಡಲು ಬೇಕಾಗುವುದು ಸುಮಾರು 87 ಲಕ್ಷ ಚುಕ್ಕೆ, ಅಂದರೆ 9 ಮೆಗಾಪಿಕ್ಸೆಲ್‌ಗೂ ಕಡಿಮೆ. ಈಗಿನ ಸಾಮಾನ್ಯ ಕ್ಯಾಮೆರಾಗಳು 20ಕ್ಕಿಂತ ಹೆಚ್ಚೇ ಕೊಡುತ್ತವೆ. ವಾಟ್ಸಾಪಿಗೆ ಕಳಿಸುವ ಚಿತ್ರಕ್ಕೆ ನಿಮ್ಮ ಫೋನೇ ಸಾಕು.

ಎರಡನೆಯದಾಗಿ, ಸೆನ್ಸರಿನ ಅಳತೆ ನೋಡಿ. ಫುಲ್ ಫ್ರೇಮ್ ಸೆನ್ಸರ್ 36×24 ಮಿಲಿಮೀಟರ್. ಎಪಿಎಸ್-ಸಿ ಎಂಬುದು ಸುಮಾರು 23.5×15.6. ಮೈಕ್ರೋ ಫೋರ್ ಥರ್ಡ್ಸ್ 17.3×13. ದೊಡ್ಡದಾದಷ್ಟೂ ಮಬ್ಬು ಬೆಳಕಿನಲ್ಲಿ ಚಿತ್ರ ಸ್ವಚ್ಛ. ಆದರೆ ಬೆಲೆಯೂ ಲೆನ್ಸಿನ ತೂಕವೂ ಏರುತ್ತವೆ. ನಮ್ಮ ಕೆಲಸಕ್ಕೆ ನಡುವಿನ ಎಪಿಎಸ್-ಸಿ ಸಾಕು.

ಮೂರನೆಯದು ಲೆನ್ಸ್. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಹಗಲಿಗೆ, ಗುಂಪು ಫೋಟೋಗೆ ಒಳ್ಳೆಯದು. ಆದರೆ ಜೂಮ್ ಮಾಡಿದಾಗ ಅದರ ಬಾಯಿ ಎಫ್ 5.6 ಅಥವಾ ಅದಕ್ಕಿಂತ ಕಿರಿದಾಗುತ್ತದೆ. ಎಫ್ 1.8ರ 50 ಮಿ.ಮೀ. ಲೆನ್ಸ್ ಅದಕ್ಕಿಂತ ಸುಮಾರು ಒಂಬತ್ತು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಸಂಜೆಯ ಸಭಾಂಗಣದಲ್ಲಿ ಮಾತನಾಡುವವರ ಮುಖ ಸ್ಪಷ್ಟವಾಗಿ ಬರಬೇಕಾದರೆ ದುಬಾರಿ ಬಾಡಿಗಿಂತ ಇಂಥ ಲೆನ್ಸ್ ಮೇಲು. ಲೆನ್ಸ್ ಬಾಡಿಗಿಂತ ಹೆಚ್ಚು ವರ್ಷ ಬಾಳುತ್ತದೆ. ಆದ್ದರಿಂದ ಅದನ್ನು ಕೂರಿಸುವ ಮೌಂಟ್ ಮುಂದೆಯೂ ನಡೆಯುವಂಥದ್ದೇ ಎಂದು ನೋಡಿ. ನಿಕಾನ್ 1 ಸರಣಿ 2018ರಲ್ಲಿ ನಿಂತಿತು, ಕ್ಯಾನನ್ ಇಒಎಸ್ ಎಂ 2023ರಲ್ಲಿ ನಿಂತಿತು. ಹಳೆಯದನ್ನು ಅಗ್ಗಕ್ಕೆ ಕೊಳ್ಳುವ ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

ನಾಲ್ಕನೆಯದು ಧ್ವನಿ. ಚಿತ್ರ ಸ್ವಲ್ಪ ಮಬ್ಬಾದರೂ ನೋಡಬಹುದು, ಮಾತು ಕೇಳದಿದ್ದರೆ ಆ ವಿಡಿಯೋ ವ್ಯರ್ಥ. ಕ್ಯಾಮೆರಾಗೆ ಹೊರಗಿನ ಮೈಕ್ ಸಿಕ್ಕಿಸುವ ಕಿಂಡಿ ಇರಲೇಬೇಕು. ಹೆಡ್‌ಫೋನ್ ಕಿಂಡಿಯೂ ಇದ್ದರೆ ಏನು ರೆಕಾರ್ಡ್ ಆಗುತ್ತಿದೆಯೆಂದು ಆಗಲೇ ಕೇಳಬಹುದು. ಮಾತನಾಡುವವರಿಗೆ ಕಾಲರ್ ಮೈಕ್ ಹಾಕಿ. ಕ್ಯಾಮೆರಾವನ್ನು ಹಿಂದಿನ ಸಾಲಿನಿಂದ ಮುಂದಕ್ಕೆ ತನ್ನಿ.

ಐದನೆಯದು ಸಮಯ ಮತ್ತು ಬೆಳಕಿನ ಪಟ್ಟೆ. ಎಷ್ಟು ಹೊತ್ತು ನಿಲ್ಲದೆ ರೆಕಾರ್ಡ್ ಮಾಡುತ್ತದೆಂದು ಅಂಗಡಿಯಲ್ಲೇ ಕೇಳಿ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್. ಅನೇಕ ಟ್ಯೂಬ್‌ಲೈಟುಗಳೂ ಅಗ್ಗದ ಎಲ್‌ಇಡಿಗಳೂ ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಸೆನ್ಸರಿಗೆ ಕಾಣುತ್ತದೆ. ನನ್ನ ವಿಡಿಯೋದ ಕಪ್ಪು ಪಟ್ಟೆಗಳ ಮೂಲ ಇದೇ. ಕ್ಯಾಮೆರಾವನ್ನು ಪಿಎಎಲ್ ಪದ್ಧತಿಗೆ ಇಟ್ಟು, ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಮಾಡಿದರೆ ಪಟ್ಟೆ ಬಹುಮಟ್ಟಿಗೆ ಹೋಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನು 4ಕೆ ಎಂಬ ಆಸೆ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೋ ಗಂಟೆಗೆ ಸುಮಾರು 45 ಜಿಬಿ ನುಂಗುತ್ತದೆ. ಮೂರು ಗಂಟೆಯ ಕಾರ್ಯಕ್ರಮವನ್ನು ಎಲ್ಲಿ ಇಡುವಿರಿ? 50 ಮೆಗಾಬಿಟ್‌ನ ಫುಲ್ ಎಚ್‌ಡಿಗೆ ಅದರರ್ಧ ಸಾಕು. ಕಾರ್ಯಕ್ರಮಕ್ಕೆ ಎಚ್‌ಡಿ ಇರಲಿ. ಕಪ್ಪು ಹಲಗೆಯ ಮೇಲಿನ ಒತ್ತಕ್ಷರ ಸ್ಪಷ್ಟವಾಗಿ ಕಾಣಬೇಕಾದ ಪಾಠಕ್ಕೆ 4ಕೆ ಇರಲಿ. ಉರ್ದು ಮಾಧ್ಯಮದ ಮಗುವಿಗೆ ಕನ್ನಡದ ಒತ್ತಕ್ಷರ ಎಷ್ಟು ಕಷ್ಟವೆಂದು ಬಲ್ಲವರು ಇದನ್ನು ಒಪ್ಪುತ್ತೀರಿ.

ಈ ಲೆಕ್ಕದಲ್ಲಿ ಮೂರು ಕ್ಯಾಮೆರಾಗಳನ್ನು ಹೋಲಿಸಿದೆ. ಮೂರರಲ್ಲಿಯೂ ಪರದೆ ಪಕ್ಕಕ್ಕೆ ತೆರೆದು ತಿರುಗುತ್ತದೆ, ಮೈಕ್ ಕಿಂಡಿ ಇದೆ. 2023ರಲ್ಲಿ ಬಂದ ಕ್ಯಾನನ್ ಆರ್50 ಬ್ಯಾಟರಿ ಸಮೇತ 375 ಗ್ರಾಂ. ಕಣ್ಣಿಟ್ಟು ನೋಡುವ ಕಿಂಡಿ ಇದೆ, ಕೋಟೆಯ ಬಿಸಿಲಿನಲ್ಲಿ ಫೋಟೋ ತೆಗೆಯುವವರಿಗೆ ಅದು ವರ. ಆದರೆ ಹೆಡ್‌ಫೋನ್ ಕಿಂಡಿ ಇಲ್ಲ. 2022ರ ನಿಕಾನ್ ಜೆಡ್30 ಸುಮಾರು 405 ಗ್ರಾಂ. ಎರಡು ಗಂಟೆಗೂ ತುಸು ಹೆಚ್ಚು ಹೊತ್ತು ರೆಕಾರ್ಡ್ ಮಾಡುವಂತೆ ಮಾಡಿದ್ದಾರೆ. ಕಣ್ಣಿನ ಕಿಂಡಿಯೂ ಹೆಡ್‌ಫೋನ್ ಕಿಂಡಿಯೂ ಇಲ್ಲ. 2021ರ ಸೋನಿ ಜೆಡ್‌ವಿ-ಇ10 ಸುಮಾರು 343 ಗ್ರಾಂ. ಕಣ್ಣಿನ ಕಿಂಡಿ ಇಲ್ಲ, ಆದರೆ ಮೈಕ್ ಮತ್ತು ಹೆಡ್‌ಫೋನ್ ಎರಡೂ ಕಿಂಡಿಗಳಿವೆ. ಅದರ ಮೌಂಟಿಗೆ ಬೇರೆ ಕಂಪನಿಗಳ ಲೆನ್ಸುಗಳೂ ಧಾರಾಳ. ಮೂರರ ಬಾಡಿಯಲ್ಲಿಯೂ ಕೈನಡುಕ ತಡೆಯುವ ಸೆನ್ಸರ್ ವ್ಯವಸ್ಥೆ ಇಲ್ಲ, ಸ್ಟ್ಯಾಂಡ್ ಕಡ್ಡಾಯ. ನನ್ನ ತಪ್ಪಿನಿಂದ ಕಲಿತವರಾಗಿ ನಮಗೆ ಸೋನಿ ಸರಿಯೆಂದು ನನ್ನ ಶಿಫಾರಸು. ಮುಖ್ಯವಾಗಿ ಫೋಟೋ ಕಲಿಯಬೇಕೆನ್ನುವ ವಿದ್ಯಾರ್ಥಿಗೆ ಕ್ಯಾನನ್ ಹೇಳುತ್ತೇನೆ. ಕೊಳ್ಳುವ ದಿನ ಆ ಮಾದರಿ ಸಿಗದಿದ್ದರೆ ಚಿಂತೆ ಬೇಡ. ಮೇಲಿನ ಐದು ಅಂಶಗಳನ್ನು ಹಿಡಿದು ಬೇರೆಯದನ್ನು ಅಳೆಯಿರಿ.

ಒಂದು ಲಕ್ಷವನ್ನು ಹೀಗೆ ಹಂಚಬೇಕೆಂದು ನನ್ನ ಅಭಿಪ್ರಾಯ: ಬಾಡಿ ಮತ್ತು ಕಿಟ್ ಲೆನ್ಸಿಗೆ 65 ಸಾವಿರದೊಳಗೆ, ಎಫ್ 1.8 ಲೆನ್ಸಿಗೆ 18, ಮೈಕ್ ಮತ್ತು ಹೆಡ್‌ಫೋನಿಗೆ 7, ಸ್ಟ್ಯಾಂಡಿಗೆ 4, ಹೆಚ್ಚಿನ ಬ್ಯಾಟರಿ ಮತ್ತು ಕಾರ್ಡುಗಳಿಗೆ 6 ಸಾವಿರ. ಜಿಎಸ್‌ಟಿ ಬಿಲ್ ಮತ್ತು ಭಾರತದ ವಾರಂಟಿ ಇಲ್ಲದ ಮಾಲು ಎಷ್ಟೇ ಅಗ್ಗವಾದರೂ ಬೇಡ. ಬಿಲ್ಲು ಸಂಘದ ದಫ್ತರಿನಲ್ಲಿರಲಿ, ಲೆಕ್ಕ ಎಲ್ಲರಿಗೂ ಕಾಣಲಿ.

ಕೊನೆಯದಾಗಿ ಒಂದು ಸೂಕ್ಷ್ಮ ವಿಷಯ. ಚಿತ್ರ ತೆಗೆಸಿಕೊಳ್ಳುವ ಬಗ್ಗೆ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ, ನಮ್ಮ ಪಾಲಕರಲ್ಲಿಯೂ ಇವೆ. ಬೇಡ ಎಂದವರೊಡನೆ ವಾದ ಬೇಡ. ಮಕ್ಕಳ ಫೋಟೋ ತೆಗೆಯುವ ಮೊದಲು ಪಾಲಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯೋಣ. ಸಂಚಿಕೆಗೆ ಒಪ್ಪಿದವರು ಮೊಬೈಲಿನಲ್ಲಿ ಹಂಚಲು ಒಪ್ಪದೇ ಇರಬಹುದು, ಅದನ್ನು ಬೇರೆಯಾಗಿ ಕೇಳೋಣ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯಿದೆಯಲ್ಲಿಯೂ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆಂದಿದೆ. ಕಾರ್ಡು ಯಾರ ಬಳಿ ಇರುತ್ತದೆ, ಯಾವಾಗ ಅಳಿಸುತ್ತಾರೆ ಎಂಬುದನ್ನೂ ಬರೆದಿಡೋಣ.

ಇದಕ್ಕಿಂತ ದೊಡ್ಡ ಪರಿಹಾರವೊಂದಿದೆ. ಹುಡುಗಿಯರ ಕಾರ್ಯಕ್ರಮದ ಕ್ಯಾಮೆರಾ ಹುಡುಗಿಯರ ಕೈಯಲ್ಲೇ ಇರಲಿ. ಹೊರಗಿನ ಛಾಯಾಗ್ರಾಹಕರು ಬರುತ್ತಾರೆಂದು ಮಗಳನ್ನು ವೇದಿಕೆಗೆ ಕಳಿಸದ ತಾಯಂದಿರು, ತೆಗೆಯುವವಳು ಗೆಳತಿಯೇ ಎಂದಾಗ ಕಳಿಸುತ್ತಾರೆ. ಶಾದಿಮಹಲಿನ ಹೆಂಗಸರ ವಿಭಾಗದಲ್ಲಿ ಫೋಟೋ ತೆಗೆಯಲು ಮಹಿಳೆಯರೇ ಬೇಕೆಂದು ಹುಡುಕುವ ಮನೆಗಳು ನಮ್ಮ ಊರಲ್ಲಿಯೇ ಎಷ್ಟಿಲ್ಲ! ಕಪ್ಪು ಲೋಹದ ಮೇಲೆ ಬೆಳ್ಳಿ ಹೊಳೆಯುವ ಬಿದ್ರಿ ಹೂಜಿಯನ್ನು ಕಿಟಕಿಯ ಬೆಳಕಿಗೆ ಬಿಳಿ ಬಟ್ಟೆ ಕಟ್ಟಿ ಚೆನ್ನಾಗಿ ತೆಗೆಯಬಲ್ಲ ಹುಡುಗನಿಗೆ ಕುಶಲಕರ್ಮಿಗಳೇ ಕೆಲಸ ಕೊಡುತ್ತಾರೆ. ಕ್ಯಾಮೆರಾ ಹೀಗೆ ಒಬ್ಬರ ಅನ್ನದ ದಾರಿಯಾದರೆ ಶುಲ್ಕದ ಪ್ರಶ್ನೆ ಕೇಳಿದ ಹಿರಿಯರಿಗೂ ಉತ್ತರ ಸಿಕ್ಕಂತೆ.

ಆದ್ದರಿಂದ ಕ್ಯಾಮೆರಾ ಬಂದ ತಿಂಗಳಲ್ಲೇ ಪ್ರತಿ ಭಾನುವಾರ ಎರಡು ಗಂಟೆಯ ತರಬೇತಿ ಇಡಬೇಕೆಂದು ಸಮಿತಿಯನ್ನು ಕೋರಿದ್ದೇನೆ. ಹುಡುಗಿಯರ ತಂಡಕ್ಕೆ ಈಗಾಗಲೇ ಆರು ಹೆಸರು ಬಂದಿವೆ. ಮೊದಲು ಹೆಸರು ಕೊಟ್ಟವಳು ಅಂದು ನನ್ನ ತಪ್ಪಿನಿಂದ ವಿಡಿಯೋ ಸಿಗದೇ ಹೋದ ಆ ಹುಡುಗಿ. ‘ಸರದಿ ಬಂದಾಗ ಗುಂಡಿ ಒತ್ತಿದ್ದಾರೋ ಇಲ್ಲವೋ ಎಂದು ನಾನೇ ನೋಡಿಕೊಳ್ಳುತ್ತೇನೆ’ ಎಂದಳು. ಆ ಮಾತಿಗೆ ನಾನು ತಲೆ ತಗ್ಗಿಸಿದೆ, ಸಂತೋಷವೂ ಆಯಿತು.

ನಿಮ್ಮ ಹೆಸರನ್ನೂ ಕೊಡಿ. ಅಲ್ಲಾಹನು ನಮ್ಮ ಈ ಕೆಲಸದಲ್ಲಿ ಬರಕತ್ ನೀಡಲಿ. ಆಮೀನ್. ಖುದಾ ಹಾಫಿಜ್.