ಲಕೋಟೆ ಗಡಿ ದಾಟುವಾಗ



ಹತ್ತು ರೂಪಾಯಿಯ ಒಂದು ಟಿಕೇಟಿನಿಂದ ನಮ್ಮ ನೆರೆಯವರೊಬ್ಬರ ಒಂದೂವರೆ ತಿಂಗಳು ಹಾಳಾಯಿತು. ಹಾಳು ಮಾಡಿದವನು ನಾನೇ. ಅದನ್ನು ಮೊದಲು ಒಪ್ಪಿಕೊಂಡು ಆಮೇಲೆ ಇವತ್ತಿನ ವಿಷಯಕ್ಕೆ ಬರುತ್ತೇನೆ.

ಅವರ ಮನೆ ಉಮದಿಯಲ್ಲಿ, ಹೊಲ ಆ ಕಡೆ ವಿಜಯಪುರ ಜಿಲ್ಲೆಯಲ್ಲಿ. ನಮ್ಮಲ್ಲಿ ಇದು ಹೊಸದೇನಲ್ಲ. ತಂದೆ ತೀರಿಕೊಂಡ ಮೇಲೆ ವಾರಸಾ ಹಚ್ಚಬೇಕೆಂದು ಅರ್ಜಿ ಕೊಟ್ಟರು. ವರ್ಷ ಕಳೆದರೂ ಪಹಣಿಯಲ್ಲಿ ತಂದೆಯ ಹೆಸರೇ ಉಳಿದಿತ್ತು. ಹೆಸರಿಲ್ಲದೆ ಸಾಲವಿಲ್ಲ. ಹೋಗಿ ಕೇಳಿದಾಗಲೆಲ್ಲ ನಾಳೆ ಬಾ ಎಂಬ ಉತ್ತರ. ಕೊನೆಗೆ, "ಮಾಸ್ತರ, ಆ ಮಾಹಿತಿ ಹಕ್ಕಿನ ಅರ್ಜಿ ಅಂತಾರಲ್ಲ, ಅದೊಂದು ಬರದು ಟಪಾಲಿಗೆ ಹಾಕ್ರಿ" ಎಂದರು. ಬರೆದೆ. ಜತ್ತದ ಕಚೇರಿಗೆ ಕಳಿಸುವಾಗ ಹಚ್ಚುವ ರೂಢಿಯಂತೆ ಹತ್ತು ರೂಪಾಯಿಯ ಕೋರ್ಟ್ ಫೀ ಟಿಕೇಟು ಹಚ್ಚಿದೆ. ಲಕೋಟೆ ಹೋಯಿತು, ತಿರುಗಿಯೂ ಬಂತು. ಶುಲ್ಕ ನಿಯಮದಂತೆ ಇಲ್ಲ ಎಂದು ಒಂದೇ ಸಾಲು.

ತಪ್ಪು ಆ ಕಚೇರಿಯದಲ್ಲ. ಕೋರ್ಟ್ ಫೀ ಎಂಬುದು ಆಯಾ ರಾಜ್ಯದ ಬೊಕ್ಕಸಕ್ಕೆ ಹೋಗುವ ಹಣ. ಮಹಾರಾಷ್ಟ್ರದ ಟಿಕೇಟು ಕರ್ನಾಟಕದಲ್ಲಿ ಬರೀ ಬಣ್ಣದ ಕಾಗದ. 1956ರ ನವೆಂಬರ್ 1ಕ್ಕಿಂತ ಮೊದಲು ಜತ್ತವೂ ಬಿಜಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು; ಆಗಾಗಿದ್ದರೆ ಒಂದೇ ಟಿಕೇಟು ಎರಡೂ ಕಡೆ ನಡೆಯುತ್ತಿತ್ತೋ ಏನೋ. ಈಗ ನಡೆಯದು.

ಮಾಹಿತಿ ಹಕ್ಕಿನ ಕಾಯಿದೆ ಇಡೀ ದೇಶಕ್ಕೆ ಒಂದೇ. 2005ರ ಅಕ್ಟೋಬರ್ 12ರಿಂದ ಜಾರಿಯಲ್ಲಿದೆ. ಕರ್ನಾಟಕ 2000ದಲ್ಲಿ, ಮಹಾರಾಷ್ಟ್ರ 2002ರಲ್ಲಿ ತಮ್ಮ ತಮ್ಮ ಕಾಯಿದೆ ಮಾಡಿಕೊಂಡಿದ್ದವು, ಆ ಮಾತು ಬೇರೆ. ಕಾಯಿದೆ ಒಂದಾದರೂ ಶುಲ್ಕ ಹೇಗೆ ಕಟ್ಟಬೇಕು, ಯಾವ ನಮೂನೆಯಲ್ಲಿ ಬರೆಯಬೇಕು ಎಂಬ ನಿಯಮಗಳನ್ನು ಮಾಡುವ ಅಧಿಕಾರ ರಾಜ್ಯಗಳಿಗಿದೆ. ನಾವು ಎಡವುವುದು ಅಲ್ಲಿಯೇ. ಮಹಾರಾಷ್ಟ್ರದಲ್ಲಿ ಹತ್ತು ರೂಪಾಯಿಯ ಕೋರ್ಟ್ ಫೀ ಟಿಕೇಟು ನಡೆಯುತ್ತದೆ. ಕರ್ನಾಟಕಕ್ಕೆ ಅಂಚೆಯಲ್ಲಿ ಕಳಿಸುವಾಗ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತೆಗೆಸಿ, ಅದರ ಮೇಲೆ ಆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿ ಎಂದು ಬರೆದು ಲಗತ್ತಿಸಬೇಕು. ಕೇಂದ್ರ ಸರಕಾರದ ಕಚೇರಿಯಾದರೆ ಪೋಸ್ಟಲ್ ಆರ್ಡರ್ ಅಲ್ಲಿಯ ಅಕೌಂಟ್ಸ್ ಆಫೀಸರ್ ಹೆಸರಿಗೆ ಇರಬೇಕು. ಆರ್ಡರಿನ ನಂಬರನ್ನು ಅರ್ಜಿಯೊಳಗೂ ಬರೆಯಿರಿ; ಪಿನ್ನಿನಿಂದ ಕಳಚಿ ಬಿದ್ದರೂ ಇಂಥದ್ದು ಇತ್ತು ಎಂಬುದಕ್ಕೆ ಅದೇ ಸಾಕ್ಷಿ. ಅರೆಹರಿದ ಕೌಂಟರ್ ತುಂಡು ನಿಮ್ಮ ಹತ್ತಿರ ಇರಲಿ. ಬಡತನ ರೇಖೆಯ ಕೆಳಗಿನವರಿಗೆ ಶುಲ್ಕವೇ ಇಲ್ಲ, ಆದರೆ ಅದರ ದಾಖಲೆಯ ಪ್ರತಿ ಜೊತೆಗಿರಬೇಕು.

ಇನ್ನು ಭಾಷೆ. ನೀವು ಕುತೂಹಲದಿಂದ ಕೇಳುವುದು ಇದನ್ನೇ ಎಂದು ನನಗೆ ಗೊತ್ತು. ಕನ್ನಡದಲ್ಲಿ ಬರೆದರೆ ಜತ್ತದಲ್ಲಿ ತೆಗೆದುಕೊಳ್ಳುತ್ತಾರೆಯೇ? ಇಲ್ಲಿ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಹಿಡಿಯಬೇಕು. ನಿಮಗೆ ಅನ್ಯಾಯವಾಗಿದೆ, ಪರಿಹಾರ ಬೇಕು ಎಂಬ ಮನವಿಯನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಕೊಡಬಹುದು. ಸಂವಿಧಾನದ 350ನೆಯ ವಿಧಿ ಹಾಗೆ ಹೇಳುತ್ತದೆ. ಅದು ಕನ್ನಡದ ಅರ್ಜಿಗೂ ಸಲ್ಲುತ್ತದೆ. ಆದರೆ ಮಾಹಿತಿ ಹಕ್ಕಿನ ಅರ್ಜಿಗೆ ಕಾಯಿದೆಯೇ ಭಾಷೆಯನ್ನು ಹೇಳಿಬಿಟ್ಟಿದೆ: ಇಂಗ್ಲಿಷು, ಹಿಂದಿ, ಇಲ್ಲವೆ ಆ ಪ್ರದೇಶದ ಅಧಿಕೃತ ಭಾಷೆ. ಜತ್ತಕ್ಕೆ, ಸಾಂಗಲಿಗೆ ಮರಾಠಿ. ಚಡಚಣಕ್ಕೆ, ಇಂಡಿಗೆ, ವಿಜಯಪುರಕ್ಕೆ ಕನ್ನಡ. ಇದರಲ್ಲಿ ಅಭಿಮಾನಕ್ಕೆ ಕುಂದೇನೂ ಇಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ ಎಂದೂ ಅದೇ ಕಾಯಿದೆ ಹೇಳುತ್ತದೆ. ಅದನ್ನು ಕೇಳಿ ಪಡೆಯುವವರು ಕಡಿಮೆ.

ಎರಡು ಭಾಷೆ ಬಲ್ಲವರಿಗೆ ಒಂದು ಮೋಜಿನ ತೊಡಕೂ ಇದೆ. ಮರಾಠಿಯಲ್ಲಿ ಇದಕ್ಕೆ ಮಾಹಿತಿ ಅಧಿಕಾರ ಎನ್ನುತ್ತಾರೆ. ಅಲ್ಲಿ ಅಧಿಕಾರ ಎಂದರೆ ಹಕ್ಕು, ನಮ್ಮ ಕನ್ನಡದಲ್ಲಿ ಅಧಿಕಾರ ಸಾಹೇಬರ ಹತ್ತಿರ ಇರುವಂಥದು! ಜತ್ತದ ಲಕೋಟೆಯ ಮೇಲೆ ಜನ ಮಾಹಿತಿ ಅಧಿಕಾರಿ ಎಂದು ಬರೆಯಬೇಕು, ಚಡಚಣದ್ದಕ್ಕೆ ಸಾರ್ವಜನಿಕ ಮಾಹಿತಿ ಅಧಿಕಾರಿ. ಅಲ್ಲಿಯ ನಮೂನೆಗೆ ಜೋಡಪತ್ರ ಅ ಎಂದು ಹೆಸರು, ಇಲ್ಲಿಯದಕ್ಕೆ ನಮೂನೆ ಎ. ಎರಡೂ ರಾಜ್ಯಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ರಸ್ತೆ, ರೇಶನ್ನು, ಬೋರವೆಲ್ಲು ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಬೇಡಿ. ಯಾಕೆ ಬೇಕು ಎಂದು ಕಾರಣ ಬರೆಯುವ ಅಗತ್ಯವಿಲ್ಲ. ನಮ್ಮ ಮಂದಿ ಅದನ್ನೇ ಮುಕ್ಕಾಲು ಪುಟ ಬರೆಯುತ್ತಾರೆ.

ನನ್ನ ಮೊದಲ ಅರ್ಜಿಯಲ್ಲಿ ಟಿಕೇಟಿನ ತಪ್ಪಿಗಿಂತ ದೊಡ್ಡ ತಪ್ಪು ಇನ್ನೊಂದಿತ್ತು. "ನಮ್ಮ ವಾರಸಾ ಯಾಕೆ ಹಚ್ಚಿಲ್ಲ?" ಎಂದು ಕೇಳಿದ್ದೆ. ಟಿಕೇಟು ಸರಿ ಇದ್ದಿದ್ದರೂ ಇದಕ್ಕೆ ಉತ್ತರ ಸಿಗುವುದು ಕಷ್ಟವಿತ್ತು. ಈ ಕಾಯಿದೆ ಕೊಡಿಸುವುದು ಕಚೇರಿಯಲ್ಲಿ ಇರುವ ದಾಖಲೆಯನ್ನು. ಯಾಕೆ ಎಂಬುದು ಜಗಳ. ಏನು ಬರೆದಿದ್ದೀರಿ ಎಂಬುದು ಮಾಹಿತಿ. ಎರಡನೆಯ ಸಲ ಹೀಗೆ ಬರೆದೆ: ಇಂಥ ದಿನ ಕೊಟ್ಟ ಇಂಥ ನಂಬರಿನ ಅರ್ಜಿ ಯಾವ ಯಾವ ದಿನ ಯಾರ ಮೇಜಿಗೆ ಹೋಯಿತು, ಅದರ ಮೇಲೆ ಬರೆದ ಟಿಪ್ಪಣಿಗಳ ಪ್ರತಿ ಕೊಡಬೇಕು. ಅಷ್ಟೇ. ನಾಲ್ಕು ಸಾಲು.

ವಿಳಾಸದ ಮಾತು ಸಣ್ಣದೆಂದು ಬಿಡಬೇಡಿ. ಪಿನ್ ಕೋಡು ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ ಎಂಬ ಅಂಚೆ ಇಲಾಖೆಯ ಅಧಿಕಾರಿ, ಸಂಸ್ಕೃತದ ಕವಿಯೂ ಹೌದು. ಒಂದೇ ಹೆಸರಿನ ಊರುಗಳು, ಬೇರೆ ಬೇರೆ ಲಿಪಿಯ ವಿಳಾಸಗಳು, ಇವುಗಳ ಗೊಂದಲ ತಪ್ಪಿಸಲೆಂದೇ ಅದು ಹುಟ್ಟಿತು. ನಮಗಿಂತ ಅದರ ಬೆಲೆ ಯಾರಿಗೆ ಗೊತ್ತು? ಉಮರಾಣಿ ಜತ್ತ ತಾಲೂಕಿನಲ್ಲಿಯೂ ಇದೆ, ಚಿಕ್ಕೋಡಿಯ ಕಡೆಗೂ ಇದೆ. ಉಮದಿಯ ಪಿನ್ನು 416ರಿಂದ ಆರಂಭ, ಚಡಚಣದ್ದು 586ರಿಂದ. ಎತ್ತಿನ ಗಾಡಿಯಲ್ಲಿ ಹೋಗಿ ಬರಬಹುದಾದ ಊರಿಗೆ ಟಪಾಲು ಎಲ್ಲೆಲ್ಲೋ ಸುತ್ತಿ ಹೋಗುತ್ತದೆ. ಅದಕ್ಕೆ ಹೋಗುವ ವಿಳಾಸ, ಉತ್ತರ ಬರಬೇಕಾದ ನಿಮ್ಮ ವಿಳಾಸ ಎರಡನ್ನೂ ಪಿನ್ ಸಮೇತ ಬರೆಯಿರಿ. ನಿಮ್ಮ ವಿಳಾಸವನ್ನು ಕನ್ನಡದ ಕೆಳಗೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಮತ್ತೊಮ್ಮೆ ಬರೆದರೆ ಟಪಾಲಿನವರ ಕಣ್ಣಿಗೆ ಅನುಕೂಲ. ಹೆಸರು ಮಾತ್ರ ಎಲ್ಲ ಕಾಗದದಲ್ಲಿಯೂ ಒಂದೇ ಕ್ರಮದಲ್ಲಿರಲಿ: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಹಳೆಯ ದಾಖಲೆ ಕೇಳುವವರು ಇನ್ನೊಂದು ನೆನಪಿಡಿ. ಸಾಂಗಲಿ ಜಿಲ್ಲೆ 1949ರಲ್ಲಿ ಹುಟ್ಟಿದಾಗ ಅದರ ಹೆಸರು ದಕ್ಷಿಣ ಸಾತಾರಾ. ಸಾಂಗಲಿ ಎಂದಾದದ್ದು 1960ರಲ್ಲಿ. ಬಿಜಾಪುರ ವಿಜಯಪುರವಾದದ್ದು 2014ರ ನವೆಂಬರ್ 1ಕ್ಕೆ. ಅಜ್ಜನ ಕಾಲದ ಕಾಗದ ಹುಡುಕಿಸುವಾಗ ಹಳೆಯ ಹೆಸರನ್ನೂ ಬರೆದರೆ ಹುಡುಕುವವನಿಗೆ ದಾರಿ ಸಿಗುತ್ತದೆ.

ರಿಜಿಸ್ಟರ್ ಮಾಡಿಸಬೇಕೆಂದು ಹಿರಿಯರು ಹೇಳುತ್ತಿದ್ದರಲ್ಲ, ಆ ರಿಜಿಸ್ಟರ್ಡ್ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಅರ್ಜಿಯ ಝೆರಾಕ್ಸ್ ಪ್ರತಿಗೆ ಅಂಟಿಸಿಡಿ. ರಸೀದಿಯ ನಂಬರಿನಿಂದ ಲಕೋಟೆ ಯಾವ ದಿನ ಮುಟ್ಟಿತೆಂದು ಮೊಬೈಲಿನಲ್ಲಿ ನೋಡಬಹುದು. ಮನೆಯ ಹುಡುಗರಿಗೆ ಹೇಳಿದರೆ ನೋಡಿಕೊಡುತ್ತಾರೆ. ಆ ದಿನವೇ ಮುಖ್ಯ, ಯಾಕೆಂದರೆ ಲೆಕ್ಕವೆಲ್ಲ ಅಲ್ಲಿಂದ. ಮುಟ್ಟಿದ ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಅಪೀಲು. ಮಹಾರಾಷ್ಟ್ರದಲ್ಲಿ ಅಪೀಲಿಗೆ ಇಪ್ಪತ್ತು ರೂಪಾಯಿಯ ಕೋರ್ಟ್ ಫೀ. ಅಲ್ಲಿಯೂ ಆಗದಿದ್ದರೆ ತೊಂಬತ್ತು ದಿನದೊಳಗೆ ರಾಜ್ಯದ ಮಾಹಿತಿ ಆಯೋಗ.

ನಡುವೆ ಒಂದು ಕಾಗದ ಬರುವುದುಂಟು: ಇಷ್ಟು ಪುಟಗಳಿವೆ, ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿ ಎಂದು. ಎಷ್ಟೋ ಜನ ಇದನ್ನು ನಿರಾಕರಣೆ ಎಂದು ತಿಳಿದು ಮೂಲೆಗೆ ಎಸೆಯುತ್ತಾರೆ. ಅದು ನಿರಾಕರಣೆಯಲ್ಲ, ಕೊಡಲು ತಯಾರಿದ್ದೇವೆ ಎಂಬ ಮಾತು. ನೀವು ಹಣ ಕಟ್ಟುವ ತನಕದ ದಿನಗಳು ಆ ಮೂವತ್ತರಲ್ಲಿ ಎಣಿಕೆಗೆ ಬರುವುದಿಲ್ಲ. ಬೇಗ ಕಟ್ಟಿರಿ.

ನಮ್ಮ ನೆರೆಯವರ ಎರಡನೆಯ ಲಕೋಟೆ ತಿರುಗಿ ಬರಲಿಲ್ಲ. ಹದಿನಾಲ್ಕು ರೂಪಾಯಿ ಕೇಳಿದರು, ಕಟ್ಟಿದೆವು, ಏಳು ಪುಟ ಬಂದವು. ಅವರ ಕಟ್ಟೆಯ ಮೇಲೆ ಕುಳಿತು ಒಂದೊಂದಾಗಿ ಓದಿದೆವು. ಆರನೆಯ ಪುಟದಲ್ಲಿ ಹಸಿರು ಶಾಯಿಯ ಒಂದು ಸಾಲು: ಅರ್ಜಿದಾರರು ಕೊಟ್ಟ ವಾರಸಾ ದಾಖಲೆ ಮರಾಠಿಯಲ್ಲಿದೆ, ಕನ್ನಡ ಅನುವಾದ ಸಲ್ಲಿಸಿದ ಮೇಲೆ ಮಂಡಿಸುವುದು. ಈ ಕಡೆಯ ತಲಾಠಿ ಕೊಟ್ಟ ದಾಖಲೆ ಅದು. ಅನುವಾದ ಬೇಕೆಂದು ವರ್ಷವಿಡೀ ಅವರಿಗೆ ಯಾರೂ ಹೇಳಿರಲಿಲ್ಲ.

ಅನುವಾದ ಒಂದು ಪುಟವೂ ಆಗಲಿಲ್ಲ. ಆ ವರ್ಷ ಹಿಂಗಾರಿ ಜೋಳ ಬಿತ್ತುವುದರೊಳಗೆ ಪಹಣಿಯಲ್ಲಿ ಅವರ ಹೆಸರು ಬಂತು, ಅಡ್ಡಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ. ಅದರ ಅರ್ಜಿ ನಿನ್ನೆ ಟಪಾಲಿಗೆ ಹಾಕಿದ್ದೇವೆ.