ಆಕಾಶದಲ್ಲಿ ರಸ್ತೆ ಪಕ್ಕ ಇಲ್ಲ

ದಾವಣಗೆರೆ ವಿದ್ಯಾನಗರದ ಉದ್ಯಮಿಯೊಬ್ಬರು ಓಡಾಟಕ್ಕೆ ಅಂತ ಸೆಕೆಂಡ್ ಹ್ಯಾಂಡ್ ವಿಮಾನ ಕೊಳ್ಳೋಕೆ ಹೊರಟರು ಅಂದ್ಕೊಳ್ಳಿ. ಸಿರಸ್ ಎಸ್‌ಆರ್22. ಒಂದೇ ಎಂಜಿನ್, 310 ಅಶ್ವಶಕ್ತಿ. ಬೆಂಗಳೂರು ಒಂದು ಗಂಟೆಯ ಹಾದಿ!

ಆದರೆ ಹತ್ತೋದೆಲ್ಲಿ? ದಾವಣಗೆರೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. 2023ರಲ್ಲಿ ಶುರುವಾದ ಶಿವಮೊಗ್ಗಕ್ಕೋ, ಹುಬ್ಬಳ್ಳಿಗೋ ಮೊದಲು ಕಾರಲ್ಲೇ ಹೋಗಬೇಕು. ಅಲ್ಲಿಗೆ ಉಳಿದ ಸಮಯ ಎಷ್ಟು, ನೀವೇ ಲೆಕ್ಕ ಹಾಕಿ.

ಇನ್ನು ಖರೀದಿ. ಮಾರುವವರು ಹೊಳೆಯೋ ಬಣ್ಣ ತೋರಿಸ್ತಾರೆ, ನೀವು ಲಾಗ್‌ಬುಕ್ ಕೇಳಿ. ಇಂಥ ಎಂಜಿನ್ ಸುಮಾರು 2000 ಗಂಟೆ ಹಾರಿದ ಮೇಲೆ ಪೂರ್ತಿ ಬಿಚ್ಚಿ ಕಟ್ಟಬೇಕು. ಕಮ್ಮಿ ಹಾರಿದೆ ಅಂತ ಖುಷಿಪಡಬೇಡಿ, ವರ್ಷಗಟ್ಟಲೆ ಸುಮ್ಮನೆ ನಿಂತ ಎಂಜಿನ್ ಒಳಗೇ ತುಕ್ಕು ಹಿಡಿಯುತ್ತೆ. ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇದೆ, ನಿಜ. ಅದನ್ನೂ 10 ವರ್ಷಕ್ಕೊಮ್ಮೆ ಬದಲಿಸಬೇಕು. ಪರೀಕ್ಷೆಗೆ ನಿಮ್ಮದೇ ಎಂಜಿನಿಯರ್ ಇರಲಿ, ಮಾರುವವರ ಕಡೆಯವರಲ್ಲ.

2004ರ ಏಪ್ರಿಲ್ 17 ನೆನಪಿದೆಯಾ? ಜಕ್ಕೂರಿನಿಂದ ಮೇಲೇರಿದ ಒಂದೇ ಎಂಜಿನ್‌ನ ಸೆಸ್ನಾ 180 ಕ್ಷಣಗಳಲ್ಲೇ ನೆಲಕ್ಕಪ್ಪಳಿಸಿತು. ನಟಿ ಸೌಂದರ್ಯ ಸೇರಿ ನಾಲ್ವರು ಹೋದರು.

ಕಾರು ಕೆಟ್ಟರೆ ರಸ್ತೆ ಪಕ್ಕ ನಿಲ್ಲಿಸ್ತೀವಿ. ಆಕಾಶದಲ್ಲಿ ಆ ಪಕ್ಕ ಇಲ್ಲ. ಚೌಕಾಸಿ ಬೆಲೆಯಲ್ಲಿ ಮಾಡಿ, ತಪಾಸಣೆಯಲ್ಲಿ ಬೇಡ.